ಮಾಡಿದುದನ್ನು ಅರಿಯುವುದು

ಕೃತಜ್ಞತೆ ಎಂಬ ಶಬ್ದವನ್ನು ಬಿಡಿಸಿ ನೋಡಿದರೆ ಅದರ ಅರ್ಥ ಸರಳವಾಗಿದೆ. ‘ಕೃತ’ ಎಂದರೆ ಮಾಡಿದುದು. ‘ಜ್ಞ’ ಎಂದರೆ ಅರಿತವನು. ತನಗಾಗಿ ಪರರು ಮಾಡಿದುದನ್ನು ಅರಿತವನೇ ಕೃತಜ್ಞ. ಆದರೆ ಖಾಯಿಲೆಯವರಿಗೆ ಜನ ಹೇಳುವ ಬುದ್ಧಿಮಾತು ಬೇರೆ: “ನಿನಗಿಂತ ಕಷ್ಟದಲ್ಲಿರುವವರು ಎಷ್ಟೋ ಮಂದಿ ಇದ್ದಾರೆ, ಇದ್ದುದರಲ್ಲಿ ತೃಪ್ತಿಪಡು.” ಹದಿನಾಲ್ಕನೆಯ ವಯಸ್ಸಿನಲ್ಲಿ ನನಗೆ ಮಧುಮೇಹವೆಂದು ತಿಳಿದಾಗ ಈ ಮಾತನ್ನು ಎಷ್ಟು ಸಲ ಕೇಳಿದೆನೋ! ಕೇಳಿದಾಗಲೆಲ್ಲ ಸಿಟ್ಟು ಬರುತ್ತಿತ್ತು. ಪರರ ಕಷ್ಟವನ್ನು ನೋಡಿ ಪಡುವ ಸಮಾಧಾನವು ಕೃತಜ್ಞತೆಯಲ್ಲ. ಹಾಗಾದರೆ ಯಾವುದು ಎಂಬುದನ್ನು ಆರು ವರ್ಷಗಳಲ್ಲಿ ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತೇನೆ.

ಮೊದಲು ಖಾಯಿಲೆಯ ವಿಷಯ. ಸಕ್ಕರೆ ಖಾಯಿಲೆ ಎಂದೊಡನೆ ನಮ್ಮ ಕಣ್ಣಮುಂದೆ ಬರುವವರು ನಡುವಯಸ್ಸು ದಾಟಿದವರು. ನನ್ನದು ಅದಲ್ಲ, ವೈದ್ಯರು ಟೈಪ್ ಒನ್ ಎನ್ನುವ ಬಗೆಯದು. ಜಠರದ ಹಿಂದೆ ಮೇದೋಜೀರಕವೆಂಬ ಗ್ರಂಥಿಯಿದೆ. ಅದರಲ್ಲಿನ ಕೆಲವು ಜೀವಕೋಶಗಳು ಇನ್ಸುಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ನಾವು ಉಂಡ ಮುದ್ದೆ, ಅನ್ನ ಸಕ್ಕರೆಯಾಗಿ ರಕ್ತವನ್ನು ಸೇರಿದ ಮೇಲೆ ಅದು ಮಾಂಸಖಂಡಗಳಿಗೆ ಒದಗುವುದು ಈ ರಸದಿಂದ. ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ ಆ ಜೀವಕೋಶಗಳನ್ನು ನಾಶಮಾಡಿದಾಗ ಈ ಬಗೆಯ ಮಧುಮೇಹ ಉಂಟಾಗುತ್ತದೆ. ಇದು ಸಿಹಿ ತಿಂದುದರ ಫಲವಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಬರಿಯ ಗುಳಿಗೆಯಿಂದ ಆಗದು. ಇನ್ಸುಲಿನ್ನನ್ನು ಹೊರಗಿನಿಂದ ಕೊಡಲೇಬೇಕು. ನಾನು ದಿನಕ್ಕೆ ನಾಲ್ಕು ಸಲ ಚುಚ್ಚಿಕೊಳ್ಳುತ್ತೇನೆ.

ಇನ್ಸುಲಿನ್ ಇಲ್ಲದ ಕಾಲದಲ್ಲಿ ಇಂಥ ಮಕ್ಕಳನ್ನು ಅರೆಹೊಟ್ಟೆಯಲ್ಲಿರಿಸಿ ಕೆಲವು ಕಾಲ ಉಳಿಸಿಕೊಳ್ಳುತ್ತಿದ್ದರು, ಅಷ್ಟೆ. 1921ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಎಂಬ ತರುಣ ವೈದ್ಯನೂ, ಆಗತಾನೆ ಪದವಿ ಮುಗಿಸಿದ್ದ 22 ವರ್ಷದ ಚಾರ್ಲ್ಸ್ ಬೆಸ್ಟನೂ ಪ್ರೊಫೆಸರ್ ಮ್ಯಾಕ್ಲಿಯಡರ ಪ್ರಯೋಗಶಾಲೆಯಲ್ಲಿ ನಾಯಿಗಳ ಮೇಲೆ ಪ್ರಯೋಗ ನಡೆಸಿ ಈ ರಸವನ್ನು ತೆಗೆದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಅದನ್ನು ಕೊಟ್ಟರು. ಮೊದಲ ಸಲ ಫಲಿಸಲಿಲ್ಲ. ಜೇಮ್ಸ್ ಕಾಲಿಪ್ ಶುದ್ಧಿಮಾಡಿದ ರಸವನ್ನು 12 ದಿನಗಳ ಮೇಲೆ ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಮತ್ತೆ 13 ವರ್ಷ ಬದುಕಿದ. ಆಗ ಅವನ ವಯಸ್ಸು 14, ನನಗೆ ಖಾಯಿಲೆ ಕಂಡಾಗ ಇದ್ದಷ್ಟೇ. ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ಪೇಟೆಂಟಿನ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟರು. ದೂರದ ಋಣ ಇದು. ಪುಸ್ತಕ ಓದಿ ಅರಿಯಬಹುದು.

ಹತ್ತಿರದ ಋಣವನ್ನು ಅರಿಯುವುದು ನನಗೆ ಕಷ್ಟವಾಯಿತು. ಮೊದಲ ಎರಡು ವರ್ಷ ನಮ್ಮ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಬಳಸುತ್ತಿದ್ದ ಸೀಸೆಯನ್ನು ಅಮ್ಮ ಮಡಕೆಯೊಳಗೆ ಇಟ್ಟು, ಆ ಮಡಕೆಯನ್ನು ಇನ್ನೊಂದು ದೊಡ್ಡ ಮಡಕೆಯಲ್ಲಿ ಕೂರಿಸಿ, ನಡುವೆ ಮರಳು ತುಂಬಿ ದಿನಕ್ಕೆರಡು ಬಾರಿ ನೀರು ಚಿಮುಕಿಸುತ್ತಿದ್ದಳು. ನೀರು ಆವಿಯಾಗುವಾಗ ಶಾಖವನ್ನು ಕೊಂಡೊಯ್ಯುವುದರಿಂದ ಒಳಗೆ ತಂಪಾಗಿರುತ್ತದೆ. ತೆರೆಯದ ಸೀಸೆಗಳನ್ನು ಎದುರಿನ ಅಂಗಡಿಯವರ ಫ್ರಿಜ್ಜಿನಲ್ಲಿ ಇಡುತ್ತಿದ್ದೆವು. ಅವರೊಡನೆ ಹೇಳಿದ್ದು ಮಾತ್ರ, “ಅಜ್ಜಿಯ ಔಷಧಿ” ಎಂದು. “ಹೆಣ್ಣುಹುಡುಗಿ, ನಾಳೆ ಮದುವೆ ಮಾತು ಬಂದಾಗ ತೊಡಕಾಗುತ್ತೆ, ಯಾರಿಗೂ ಹೇಳಬೇಡ” ಎಂದು ಅಮ್ಮ ಆಣೆ ಹಾಕಿಸಿದ್ದಳು. ಎರಡು ವರ್ಷ ಉಪಕಾರ ಮಾಡಿದವರಿಗೆ ನಾನು ಒಂದು ದಿನವೂ ಮುಖವೆತ್ತಿ ವಂದನೆ ಹೇಳಲಿಲ್ಲ. ಸುಳ್ಳಿನ ನಡುವೆ ಅದು ಹೇಗೆ ಬಾಯಿಗೆ ಬರಬೇಕು?

ಈ ಗುಟ್ಟು ಒಡೆದುದು ಕಳೆದ ವರ್ಷ, ಇತಿಹಾಸದ ತರಗತಿಯಲ್ಲಿ. ಬೆಳಿಗ್ಗೆ ಇನ್ಸುಲಿನ್ ತೆಗೆದುಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಅರ್ಧ ತಿಂಡಿ ಬಿಟ್ಟು ಬಂದಿದ್ದೆ. ಮೈ ಬೆವೆತಿತು, ಕೈ ನಡುಗಿತು, ಕರೀಹಲಗೆಯ ಅಕ್ಷರ ಮಸುಕಾಯಿತು. ಗೆಳತಿಯರು ಉಪವಾಸದ ಆಯಾಸವೆಂದು ನೀರು ಚಿಮುಕಿಸಿದರು. ಅವರ ತಪ್ಪೇನು? ನಾನು ಹೇಳಿರಲಿಲ್ಲ. ನಮ್ಮ ಕಾಲೇಜಿನ ಅಟೆಂಡರ್ ಒಬ್ಬರು ನನ್ನನ್ನು ನೋಡಿದವರೇ ಓಡಿಹೋಗಿ ಚಹಾದ ಡಬ್ಬಿಯ ಪಕ್ಕದಲ್ಲಿದ್ದ ಸಕ್ಕರೆಯನ್ನು ನೀರಿಗೆ ಹಾಕಿ ತಂದು ಕುಡಿಸಿದರು. ಅವರ ತಮ್ಮನಿಗೂ ಇದೇ ಖಾಯಿಲೆಯಂತೆ. ನಾನು ಸುಧಾರಿಸಿಕೊಂಡ ಮೇಲೆ, “ಮುಚ್ಚಿಟ್ಕೊಂಡ್ರೆ ಕೈ ಕೊಡೋರಿಗೆ ಗೊತ್ತಾಗೋದು ಹೇಗವ್ವಾ?” ಎಂದರು.

ಅಂದು ನನಗೆ ತಿಳಿದುದು ಇಷ್ಟು: ಪರರು ಮಾಡಿದುದನ್ನು ನಾವು ಅರಿಯಬೇಕಾದರೆ, ನಮ್ಮ ಅಗತ್ಯವನ್ನು ಅವರು ಅರಿಯಲು ಮೊದಲು ಬಿಡಬೇಕು. ಮರುವಾರ ಅಂಗಡಿಯವರಿಗೆ ನಿಜ ಹೇಳಿ ಕೈಮುಗಿದೆ. ಅವರು ನಕ್ಕು, “ನಿಮ್ಮಜ್ಜಿ ತೀರಿಕೊಂಡ ಮೇಲೂ ಔಷಧಿ ಬರ್ತಾನೇ ಇತ್ತಲ್ಲಮ್ಮ!” ಎಂದರು.

ಖಾಯಿಲೆಗೆ ನಾನು ಕೃತಜ್ಞಳಲ್ಲ. ಅದು ನನಗೆ ಪಾಠ ಕಲಿಸಲು ಬಂದಿತೆಂದು ಯಾರಾದರೂ ಹೇಳಿದರೆ ಒಪ್ಪಲಾರೆ. ಸೂಜಿಯನ್ನು ಶಪಿಸುವ ರಾತ್ರಿಗಳು ಈಗಲೂ ಉಂಟು. ಆದರೆ ಮಲಗುವ ಮುನ್ನ ಸಕ್ಕರೆಯ ಅಂಕಿಗಳನ್ನು ಬರೆದಿಡುವ ಪುಸ್ತಕದಲ್ಲೇ, ಆ ದಿನ ನನಗಾಗಿ ಒಬ್ಬರು ಮಾಡಿದ ಒಂದು ಕೆಲಸವನ್ನೂ ಬರೆಯುತ್ತೇನೆ. ಬರೆಯಲು ಏನೂ ಇಲ್ಲದ ದಿನ ಇದುವರೆಗೆ ಬಂದಿಲ್ಲ.

ಓದುಗ ಮಿತ್ರರಲ್ಲಿ ಒಂದು ವಿಜ್ಞಾಪನೆ. ಇನ್ಸುಲಿನ್ ತೆಗೆದುಕೊಳ್ಳುವವರು ಬೆವೆತು ನಡುಗಿದರೆ, ಎಚ್ಚರವಿದ್ದು ನುಂಗುವ ಸ್ಥಿತಿಯಲ್ಲಿದ್ದರೆ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಡಿ. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಸಾಗಿಸಿ.

ಈ ಲೇಖನವನ್ನು ಸಂಪಾದಕರಿಗೆ ಕೊಡುವ ಮುನ್ನ ಅಮ್ಮನಿಗೆ ಓದಿ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಮದುವೆಯ ಮಾತು ಎತ್ತುವಳೆಂದು ನಾನು ಕಾದೆ. ಕೊನೆಗೆ ಅವಳು ಕೇಳಿದುದು, “ಮೂರು ಚಮಚ ಅಂತ ಸರಿಯಾಗಿ ಬರೆದಿದ್ದೀಯಾ? ಓದಿದವರು ಒಂದೇ ಚಮಚ ಹಾಕಿಬಿಟ್ಟಾರು.”