ಹಂಗಿಲ್ಲದ ಕಾಗದ

ದೂರದೇಶದ ಒಂದು ಬಡ ಮಗುವಿನ ಓದಿಗೆಂದು ತಿಂಗಳು ತಿಂಗಳು ಹಣ ಕಳಿಸುವ, ಆ ಮಗುವಿಗೆ ಕಾಗದ ಬರೆದು ನಂಟು ಬೆಳೆಸುವ ಪದ್ಧತಿಗೆ ಸುಮಾರು ನೂರು ವರ್ಷಗಳ ಇತಿಹಾಸವಿದೆ. ಮೊದಲ ಮಹಾಯುದ್ಧದ ನಂತರ ಹಸಿದಿದ್ದ ಯುರೋಪಿನ ಮಕ್ಕಳಿಗಾಗಿ ಎಗ್ಲಂಟೈನ್ ಜೆಬ್ 1919ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ಸೇವ್ ದ ಚಿಲ್ಡ್ರನ್ ಸಂಸ್ಥೆ ಇದಕ್ಕೆ ದಾರಿ ಹಾಕಿತು. ಸ್ಪೇನಿನ ಅಂತರ್ಯುದ್ಧದಲ್ಲಿ ನೆಲೆ ಕಳೆದುಕೊಂಡ ಮಕ್ಕಳಿಗಾಗಿ ಪತ್ರಕರ್ತ ಜಾನ್ ಲ್ಯಾಂಗ್ಡನ್ ಡೇವಿಸ್ 1937ರಲ್ಲಿ ಹುಟ್ಟುಹಾಕಿದ, ಇಂದು ಪ್ಲಾನ್ ಇಂಟರ್‌ನ್ಯಾಷನಲ್ ಎನಿಸಿಕೊಂಡಿರುವ ಸಂಸ್ಥೆಯು ದಾನಿಗೂ ಮಗುವಿಗೂ ನೇರ ಪರಿಚಯವಿರಬೇಕೆಂದು ಬಯಸಿತು. ಕೊರಿಯಾ ಯುದ್ಧದ ನಂತರ ಈ ಕ್ರಮ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳಿಗೆ ಹರಡಿತು. ಈ ಹಣದಿಂದ ಮಗುವಿಗೆ ನಿಜಕ್ಕೂ ಉಪಯೋಗವಿದೆಯೇ? ಕೊಡುವವರ ಮತ್ತು ಪಡೆಯುವವರ ನಡುವೆ ಸ್ನೇಹ ಸಾಧ್ಯವೇ? ಎರಡಕ್ಕೂ ಹೌದೆನ್ನಬಹುದು. ಆದರೆ ಎರಡನೆಯದಕ್ಕೆ ಒಂದು ಷರತ್ತಿದೆ: ಕಾಗದದ ಮೇಲೆ ಹಣದ ಹಂಗು ಬೀಳಬಾರದು.

ಉಪಯೋಗಕ್ಕೆ ಗಟ್ಟಿ ಪುರಾವೆ 2013ರಲ್ಲಿ ಸಿಕ್ಕಿತು. ಅರ್ಥಶಾಸ್ತ್ರಜ್ಞ ಬ್ರೂಸ್ ವೈಡಿಕ್ ಮತ್ತು ಸಂಗಡಿಗರು ಭಾರತ, ಕೆನ್ಯಾ, ಉಗಾಂಡಾ, ಫಿಲಿಪ್ಪೀನ್ಸ್, ಬೊಲಿವಿಯಾ, ಗ್ವಾಟೆಮಾಲಾಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ವಿವರ ಕಲೆಹಾಕಿದರು. ಇದೇ ರೀತಿ ದಾನಿಗಳ ಮೂಲಕ ಮಕ್ಕಳಿಗೆ ನೆರವಾಗುವ ಕಂಪ್ಯಾಶನ್ ಸಂಸ್ಥೆಯ ನೆರವಿನಲ್ಲಿ ಬೆಳೆದವರನ್ನು, ಯೋಜನೆ ಊರಿಗೆ ಬರುವಷ್ಟರಲ್ಲಿ ವಯಸ್ಸು ಮೀರಿದ್ದ ಅವರ ಅಣ್ಣ, ಅಕ್ಕಂದಿರೊಂದಿಗೆ ಹೋಲಿಸಿ ನೋಡಿದರು. ನೆರವು ಪಡೆದವರು ಅಣ್ಣ, ಅಕ್ಕಂದಿರಿಗಿಂತ ಒಂದು ವರ್ಷಕ್ಕೂ ಹೆಚ್ಚು ಕಾಲ ಶಾಲೆಯಲ್ಲಿ ಉಳಿದಿದ್ದರು; ಅವರಿಗೆ ಒಳ್ಳೆಯ ಕೆಲಸ ಸಿಕ್ಕ ಸಾಧ್ಯತೆಯೂ ಹೆಚ್ಚಿತ್ತು. ಮುಂದೆ ವೈಡಿಕ್ ತಂಡ ಇಂಡೊನೇಷ್ಯಾದ ಮಕ್ಕಳಿಂದ ಅವರವರ ಚಿತ್ರವನ್ನೇ ಬರೆಸಿತು. ನೆರವು ಪಡೆಯುತ್ತಿದ್ದ ಮಕ್ಕಳ ಚಿತ್ರಗಳಲ್ಲಿ ಭರವಸೆಯ ಗುರುತುಗಳು ಹೆಚ್ಚಾಗಿ ಕಂಡವು. ಈ ಉಪಯೋಗದಲ್ಲಿ ಹಣದ ಪಾಲೆಷ್ಟು, ಕಾಗದದ ಪಾಲೆಷ್ಟು ಎಂದು ಈ ಅಧ್ಯಯನಗಳು ಬಿಡಿಸಿ ಹೇಳುವುದಿಲ್ಲ. ಆದರೂ ತನ್ನ ಓದಿನ ಬಗ್ಗೆ ಎಲ್ಲೋ ಒಬ್ಬರಿಗೆ ಕಾಳಜಿಯಿದೆ ಎಂಬ ಅರಿವು ಮಗುವಿನ ಆಸೆಯನ್ನು ಹಿಗ್ಗಿಸುತ್ತಿರಬಹುದು ಎನ್ನಲು ಇಲ್ಲಿ ಆಧಾರವಿದೆ.

ಆಕ್ಷೇಪಗಳೂ ಹಗುರವಲ್ಲ. ನ್ಯೂ ಇಂಟರ್‌ನ್ಯಾಷನಲಿಸ್ಟ್ ಪತ್ರಿಕೆ 1982ರಲ್ಲೇ ಈ ಪದ್ಧತಿಯ ವಿರುದ್ಧ ಸಂಚಿಕೆ ತಂದಿತ್ತು. ಒಂದು ಮಗುವನ್ನು ಆರಿಸಿ ಪಕ್ಕದ ಮನೆಯ ಮಗುವನ್ನು ಬಿಟ್ಟರೆ ಊರಿನಲ್ಲಿ ಅಸಮಾಧಾನ ಹುಟ್ಟುತ್ತದೆ, ಮಗುವಿಗೆ ಕೃತಜ್ಞತೆ ಬರೆದುಕೊಡುವುದೇ ಕೆಲಸವಾಗುತ್ತದೆ ಎಂಬ ಟೀಕೆ ಇಂದಿಗೂ ನಿಂತಿದೆ. ವಾರಾನ್ನದಲ್ಲಿ ಓದಿದ ಹುಡುಗರ ಕಾಲವನ್ನು ಬಲ್ಲ ಕನ್ನಡಿಗರಿಗೆ ಈ ಸಂಕಟವನ್ನು ವಿವರಿಸಬೇಕಿಲ್ಲ: ಹೊಟ್ಟೆ ತುಂಬಿದರೂ ತಲೆ ತಗ್ಗಿಸಿಯೇ ಉಣ್ಣಬೇಕಿತ್ತು. ವಂಚನೆಯೂ ನಡೆದಿದೆ: ತೀರಿಹೋದ ಮಗುವಿನ ಹೆಸರಿನಲ್ಲೂ ದಾನಿಯಿಂದ ಹಣ ಪಡೆಯಲಾಗುತ್ತಿದ್ದುದನ್ನು 1998ರಲ್ಲಿ ಷಿಕಾಗೊ ಟ್ರಿಬ್ಯೂನ್ ಪತ್ರಿಕೆ ಬಯಲಿಗೆಳೆಯಿತು.

ಈ ದೋಷಗಳಿಗೆ ಕಾಗದವನ್ನು ನಿಲ್ಲಿಸುವುದು ಪರಿಹಾರವಲ್ಲ. ಹಣದ ದಾರಿಯನ್ನೂ ಕಾಗದದ ದಾರಿಯನ್ನೂ ಬೇರೆ ಮಾಡಬೇಕು. ಈಗ ಹಲವು ಸಂಸ್ಥೆಗಳು ಹಣವನ್ನು ಒಟ್ಟುಗೂಡಿಸಿ ಊರಿನ ಶಾಲೆ, ಕುಡಿಯುವ ನೀರು, ಆರೋಗ್ಯಕ್ಕೆ ಬಳಸುತ್ತವೆ. ಆಗ ಕಾಗದ ಬರೆಯದ ಮಗುವಿಗೂ ಪಾಲು ಸಿಗುತ್ತದೆ, ಬರೆಯುವ ಮಗುವಿನ ಮೇಲಿನ ಭಾರವೂ ಇಳಿಯುತ್ತದೆ. ಅನುವಾದಕ್ಕೆ, ಪತ್ರಗಳ ಪರಿಶೀಲನೆಗೆ ಖರ್ಚಾಗುತ್ತದೆ ಎಂಬುದು ನಿಜ. ಆದರೆ ಕಾಗದ ತಲುಪಿಸಲು ಕಾರ್ಯಕರ್ತರು ಮನೆಗೆ ಹೋದಾಗ ಮಗು ಶಾಲೆಗೆ ಹೋಗುತ್ತಿದೆಯೇ, ಆರೋಗ್ಯವಾಗಿದೆಯೇ ಎಂಬುದನ್ನೂ ಕಣ್ಣಾರೆ ನೋಡಬಹುದು. ಷಿಕಾಗೊ ಪತ್ರಿಕೆ ತೋರಿಸಿದಂಥ ವಂಚನೆಗೆ ಅದೇ ತಡೆ.

ಮಕ್ಕಳ ಹೊಣೆ ಸರ್ಕಾರದ್ದಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಮೊದಲ ಹೊಣೆ ಸರ್ಕಾರದ್ದೇ. ಭಾರತದ 2015ರ ಬಾಲನ್ಯಾಯ ಕಾಯ್ದೆ ಮಗುವಿಗೆ ಹಣದ ನೆರವು ನೀಡುವ ಪ್ರಾಯೋಜಕತ್ವಕ್ಕೆ ಅವಕಾಶ ಕೊಟ್ಟಿದೆ; ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಡಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ. ಹೀಗೆ ಹಕ್ಕಾಗಿ ಬರುವ ನೆರವಿಗೆ ಯಾರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ. ಖಾಸಗಿ ನೆರವು ಒಮ್ಮೆಲೇ ನಿಲ್ಲಲೂಬಹುದು: ವಿದೇಶಿ ದೇಣಿಗೆಯ ನಿರ್ಬಂಧದಿಂದ ಕಂಪ್ಯಾಶನ್ 2017ರಲ್ಲಿ ಭಾರತದ ಕೆಲಸ ಮುಚ್ಚಿದಾಗ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳ ನಂಟು ಕಡಿಯಿತು. ಆದರೆ ಸರ್ಕಾರ ಹಣ ಕೊಡಬಲ್ಲದು, ಗೆಳೆತನ ಕೊಡಲಾರದು. ಆ ಜಾಗ ಜನರದು.

ಯಾವುದೇ ದೇಶದ ಮಗುವಿಗೆ ನೆರವಾಗುವ ಮುನ್ನ ಸಂಸ್ಥೆಯನ್ನು ಕೇಳಿ: ಹಣ ಊರಿಗೆಲ್ಲ ಸಲ್ಲುತ್ತದೆಯೇ? ಕಾಗದ ಬರೆಯದಿದ್ದರೂ ಮಗುವಿಗೆ ನೆರವು ಮುಂದುವರಿಯುತ್ತದೆಯೇ? ಮಗುವಿನ ವಿಳಾಸ, ಗುರುತು ಗುಟ್ಟಾಗಿರುತ್ತವೆಯೇ? ಬರೆಯಲು ಕುಳಿತಾಗ ನಿಮ್ಮ ಮನೆಯ ಸಿರಿಯನ್ನು ಬಿಡಿ. ನಿಮ್ಮೂರಿನ ಮಳೆ, ಬೆಳೆ, ಹಬ್ಬಗಳ ಬಗ್ಗೆ ಬರೆಯಿರಿ. ಆ ಮಗುವಿಗೆ ಯಾವ ಆಟ, ಯಾವ ಪಾಠ ಇಷ್ಟವೆಂದು ಕೇಳಿ. ಧನ್ಯವಾದ ಬರಲಿಲ್ಲವೆಂದು ನೊಂದುಕೊಳ್ಳಬೇಡಿ, ಉಳಿಸಿಕೊಳ್ಳಲಾಗದ ಮಾತು ಕೊಡಬೇಡಿ.