ಕೋಚ್: ಗಾಡಿಯೋ, ಗುರುವೋ?

ರೈಲಿನ ಬೋಗಿಯೂ ಕೋಚ್, ಆಟ ಕಲಿಸುವ ತರಬೇತುದಾರರೂ ಕೋಚ್. ಗಾಡಿಗೂ ಗುರುವಿಗೂ ಒಂದೇ ಹೆಸರು ಬಂದದ್ದು ಹೇಗೆ ಎಂಬ ಕುತೂಹಲದಿಂದ ನಾನು ಈ ಪದದ ಮೂಲ ಹುಡುಕಿದೆ.

ಹಂಗೇರಿ ದೇಶದಲ್ಲಿ ಕೋಚ್ ಎಂಬ ಹಳ್ಳಿಯಿದೆ. 15ನೇ ಶತಮಾನದಲ್ಲಿ ಅಲ್ಲಿ ತಯಾರಾಗುತ್ತಿದ್ದ ಕುದುರೆಗಾಡಿ ಬಹಳ ಹೆಸರುವಾಸಿಯಾಯಿತು. ಜನ ಅದನ್ನು ‘ಕೋಚಿ’, ಅಂದರೆ ‘ಕೋಚ್ ಊರಿನದು’ ಎಂದರು. ಗಾಡಿಯ ಜೊತೆ ಹೆಸರೂ ಯುರೋಪಿನಲ್ಲಿ ಹರಡಿ, 16ನೇ ಶತಮಾನದಲ್ಲಿ ಇಂಗ್ಲಿಷ್ ಭಾಷೆಗೆ ಬಂತು. ಮುಂದೆ ರೈಲು ಬಂದಾಗ ಬೋಗಿಗೂ ಅದೇ ಹೆಸರಾಯಿತು. ಹಂಗೇರಿಯಲ್ಲಿ ಇಂದಿಗೂ ಕಾರಿಗೆ ‘ಕೋಚಿ’ ಎನ್ನುತ್ತಾರೆ.

1830ರ ಸುಮಾರಿಗೆ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ತಮಗೆ ಖಾಸಗಿಯಾಗಿ ಪಾಠ ಹೇಳಿ ಪರೀಕ್ಷೆ ದಾಟಿಸುವ ಶಿಕ್ಷಕರನ್ನು ತಮಾಷೆಗೆ ‘ಕೋಚ್’ ಎಂದು ಕರೆದರು. ಗಾಡಿ ಪ್ರಯಾಣಿಕರನ್ನು ಊರು ಮುಟ್ಟಿಸುವಂತೆ ಇವರೂ ಮುಟ್ಟಿಸುತ್ತಾರಲ್ಲ! 1860ರ ದಶಕದಲ್ಲಿ ಈ ಮಾತು ಕ್ರೀಡೆಗೂ ಹೊಕ್ಕಿತು.

ಈಗ ನೀಟ್, ಸಿಇಟಿ ಕಾಲ. ಕೋಚಿಂಗ್ ಶುಲ್ಕ ಕಟ್ಟಲಾಗದೆ ಕೊರಗುವ ಗೆಳೆಯರು ನಮ್ಮ ತರಗತಿಯಲ್ಲೂ ಇದ್ದಾರೆ. ಗಾಡಿಯಿದ್ದರೆ ದಾರಿ ಸುಲಭ, ನಿಜ. ಆದರೆ ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ಎಲ್ಲರೂ ಗಾಡಿ ಇಳಿಯಲೇಬೇಕು. ಅಲ್ಲಿಯವರೆಗಿನ ದಾರಿಯಲ್ಲಿ ಸಂಶಯ ಬಂದರೆ ನಮ್ಮ ಉಪನ್ಯಾಸಕರನ್ನು ಸಂಕೋಚವಿಲ್ಲದೆ ಕೇಳೋಣ. ಪದದ ಹಳೆಯ ಅರ್ಥದಲ್ಲಿ ಅವರೂ ಕೋಚ್‌ಗಳೇ.