ಫೋನಿನ ಆಯುಷ್ಯ: ಕಂಪನಿಗಳ ಮಾತು ಎಷ್ಟು ಗಟ್ಟಿ?

ಔಷಧಿಯ ಡಬ್ಬಿ ಕೈಗೆತ್ತಿಕೊಂಡರೆ ಅವಧಿ ಮುಗಿಯುವ ದಿನಾಂಕ ನೋಡುವುದು ನನಗೆ ವೃತ್ತಿಯಿಂದ ಬಂದ ಅಭ್ಯಾಸ. ಬ್ಯಾಂಕ್ ವ್ಯವಹಾರದಿಂದ ಹಿಡಿದು ಸಕ್ಕರೆ ಕಾಯಿಲೆಯ ಸೆನ್ಸರ್‌ವರೆಗೆ ಎಲ್ಲವನ್ನೂ ನಾವು ಒಪ್ಪಿಸಿರುವ ಫೋನಿಗೂ ಅಂಥದೊಂದು ದಿನಾಂಕವಿದೆ. ಅದು ದಾಟಿದ ಮೇಲೂ ಫೋನು ನಡೆಯುತ್ತದೆ. ಹೊಸದಾಗಿ ಪತ್ತೆಯಾದ ಲೋಪಗಳಿಗೆ ಮದ್ದು ಬರುವುದು ಮಾತ್ರ ನಿಲ್ಲುತ್ತದೆ.

ಈ ಬಗ್ಗೆ ಕಂಪನಿಗಳು ಕೊಟ್ಟ ಮಾತಿನ ಚರಿತ್ರೆ ಅಷ್ಟೇನೂ ಉಜ್ವಲವಲ್ಲ. 2011ರ ಮೇ ತಿಂಗಳಲ್ಲಿ ಗೂಗಲ್, ಹಲವು ತಯಾರಕರು ಮತ್ತು ಮೊಬೈಲ್ ಸೇವಾ ಕಂಪನಿಗಳು ಒಟ್ಟಾಗಿ, ಹೊಸ ಆಂಡ್ರಾಯ್ಡ್ ಫೋನುಗಳಿಗೆ 18 ತಿಂಗಳು ಅಪ್‌ಡೇಟ್ ಕೊಡುವುದಾಗಿ ಘೋಷಿಸಿದವು. ತಪ್ಪಿದರೆ ಕೇಳುವವರಿರಲಿಲ್ಲ. ಆ ಮಾತು ಸದ್ದಿಲ್ಲದೆ ಕರಗಿತು.

ಕಾರಣ ಬರೀ ಅಪ್ರಾಮಾಣಿಕತೆಯಲ್ಲ. ಫೋನಿನೊಳಗಿನ ಚಿಪ್ ತಯಾರಿಸಿದವರು ಕೈಬಿಟ್ಟರೆ ಫೋನ್ ತಯಾರಕರ ಕೈ ಕಟ್ಟಿದಂತೆ. ನೆದರ್‌ಲ್ಯಾಂಡ್ಸ್‌ನ ಪುಟ್ಟ ಕಂಪನಿ ಫೇರ್‌ಫೋನ್ 2015ರಲ್ಲಿ ಬಿಡುಗಡೆ ಮಾಡಿದ ತನ್ನ ಎರಡನೇ ಫೋನಿಗೆ ಕ್ವಾಲ್‌ಕಾಮ್‌ನ ಚಿಪ್ ಬಳಸಿತ್ತು. ಆಂಡ್ರಾಯ್ಡ್ 6ರ ನಂತರ ಆ ಚಿಪ್‌ಗೆ ಕ್ವಾಲ್‌ಕಾಮ್ ನೆರವು ನಿಲ್ಲಿಸಿತು. ಆದರೂ ಹಟ ಬಿಡದೆ ಸ್ವಂತ ದುಡಿಮೆಯಿಂದಲೇ 2023ರ ಮಾರ್ಚ್‌ವರೆಗೆ ಅಪ್‌ಡೇಟ್ ಕೊಟ್ಟರು. ಚಿಕ್ಕವರಿಗೆ ಸಾಧ್ಯವಾದದ್ದು ದೊಡ್ಡವರಿಗೆ ಏಕಾಗದು ಎಂದು ಕೇಳದಿರಲು ನನಗಾಗುವುದಿಲ್ಲ.

ಆ್ಯಪಲ್ ಹೆಚ್ಚು ಮಾತಾಡದೆ ಹೆಚ್ಚು ಮಾಡಿದೆ: 2013ರ ಐಫೋನ್ 5ಎಸ್‌ಗೆ 2023ರ ಜನವರಿಯಲ್ಲೂ ಭದ್ರತಾ ಅಪ್‌ಡೇಟ್ ಬಂತು. ಗೂಗಲ್ ತನ್ನ ಪಿಕ್ಸೆಲ್ 6ಕ್ಕೆ 3 ವರ್ಷ ಹೊಸ ಆಂಡ್ರಾಯ್ಡ್ ಎಂದಿದ್ದದ್ದನ್ನು ಆಮೇಲೆ 5ಕ್ಕೆ ಏರಿಸಿತು. ಹಾಗೆಂದು ಅಪ್‌ಡೇಟಿಗೆ ಅಡ್ಡಪರಿಣಾಮವೇ ಇಲ್ಲವೆಂದಲ್ಲ. 2025ರ ಜನವರಿಯಲ್ಲಿ ಪಿಕ್ಸೆಲ್ 4ಎಗೆ ಬಂದ ಅಪ್‌ಡೇಟ್ ಹಲವರ ಫೋನಿನ ಬ್ಯಾಟರಿ ಸಾಮರ್ಥ್ಯವನ್ನೇ ತಗ್ಗಿಸಿತು.

ಈಗಿನ ದೊಡ್ಡ ಮಾತು 7 ವರ್ಷದ್ದು. 2023ರ ಅಕ್ಟೋಬರ್‌ನ ಪಿಕ್ಸೆಲ್ 8, 2024ರ ಜನವರಿಯ ಗ್ಯಾಲಕ್ಸಿ ಎಸ್24 ಎರಡಕ್ಕೂ ಅದೇ ಭರವಸೆ. ಪರೀಕ್ಷೆಯ ಫಲಿತಾಂಶ 2030ರ ನಂತರವೇ. ಒಂದು ಸೂಕ್ಷ್ಮವಿದೆ: ಎಣಿಕೆ ಶುರುವಾಗುವುದು ನೀವು ಕೊಂಡ ದಿನದಿಂದಲ್ಲ, ಆ ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ. ರಿಯಾಯಿತಿಗೆ ಸಿಕ್ಕಿತೆಂದು 2026ರಲ್ಲಿ ಪಿಕ್ಸೆಲ್ 8 ಕೊಂಡವರಿಗೆ ಸಿಗುವುದು ನಾಲ್ಕು ವರ್ಷ ಚಿಲ್ಲರೆ.

ನಾವಿರುವ ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಯಲ್ಲಿರುವ ಕಾನೂನಿನಂತೆ, ಭದ್ರತಾ ಅಪ್‌ಡೇಟ್ ಕನಿಷ್ಠ ಎಷ್ಟು ಕಾಲ ಕೊಡುತ್ತೇವೆಂದು ತಯಾರಕರು ಪ್ರಕಟಿಸಲೇಬೇಕು. ಇಷ್ಟೇ ವರ್ಷ ಕೊಡಿ ಎಂದು ಅದು ಹೇಳುವುದಿಲ್ಲ. ಆದರೂ ಬಾಯಿಮಾತಿಗಿಂತ ಬರಹ ಮೇಲು.

ಊರಿಗೆ ಹೋಗುವಾಗ ಹಳೆಯ ಫೋನನ್ನು ಅಪ್ಪ ಅಮ್ಮನಿಗೆ ಒಯ್ಯುವ ಪದ್ಧತಿ ನಮ್ಮಲ್ಲಿದೆ. ಅಲ್ಲಿ ತರಕಾರಿಯವನಿಗೂ ಯುಪಿಐ ಮೂಲಕವೇ ಹಣ ಹೋಗುತ್ತದೆ. ಪೆಟ್ಟಿಗೆಗೆ ಹಾಕುವ ಮುನ್ನ ಸೆಟ್ಟಿಂಗ್ಸ್ ತೆರೆದು ಕೊನೆಯ ಭದ್ರತಾ ಅಪ್‌ಡೇಟ್ ಯಾವ ತಿಂಗಳದ್ದೆಂದು ನೋಡಿ. ವರ್ಷ ದಾಟಿದ್ದರೆ ಅದು ಮೊಮ್ಮಕ್ಕಳ ಮುಖ ನೋಡಲು ಸಾಕು. ಬ್ಯಾಂಕಿನ ಆ್ಯಪ್ ಮಾತ್ರ ಅದರಲ್ಲಿ ಬೇಡ.